ಅರವತ್ತು ಮೀಟರ್ ದೂರದಿಂದ ಓದಬೇಕಾದ ಫಲಕ

ಪ್ರಶ್ನೆ: ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿ ನಮ್ಮದು ತೊಗರಿ ಬೇಳೆ ಮತ್ತು ಇತರ ಕಾಳುಗಳ ಚಿಲ್ಲರೆ ಅಂಗಡಿ. ಅಂಗಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಹತ್ತು ತಿಂಗಳ ಹಿಂದೆ 20 ಅಡಿ ಅಗಲ, 10 ಅಡಿ ಎತ್ತರದ ಫ್ಲೆಕ್ಸ್ ಹಾಕಿಸಿದೆವು. ಅದರಲ್ಲಿ ಅಂಗಡಿಯ ಹೆಸರು, ಶರಣಬಸವೇಶ್ವರರ ಚಿತ್ರ, ನಮ್ಮ ತಂದೆಯವರ ಭಾವಚಿತ್ರ, ಹನ್ನೊಂದು ಬಗೆಯ ಕಾಳುಗಳ ಪಟ್ಟಿ, ಬೇಳೆಯ ಫೋಟೊ, ವಿಳಾಸ, ಮೂರು ಮೊಬೈಲ್ ಸಂಖ್ಯೆಗಳು, ಜಿಎಸ್‌ಟಿ ಸಂಖ್ಯೆ ಎಲ್ಲವೂ ಇವೆ. ಆದರೂ ಬಂದವರೆಲ್ಲ ‘ಅಂಗಡಿ ದಾಟಿ ಮುಂದೆ ಹೋಗಿದ್ದೆವು, ಕಾಣಲೇ ಇಲ್ಲ’ ಎನ್ನುತ್ತಾರೆ. ಬಣ್ಣವೂ ನೀಲಿಗಟ್ಟಿದೆ. ಶರಣಬಸವೇಶ್ವರ ಜಾತ್ರೆಯೊಳಗೆ ಹೊಸದು ಮಾಡಿಸಬೇಕೆಂದಿದ್ದೇವೆ. ಏನು ಬರೆಸಬೇಕು, ಯಾವ ವಸ್ತುವಿನಲ್ಲಿ ಮಾಡಿಸಬೇಕು? ಮುಂಭಾಗದ ಗಾಜಿಗೂ ಒಳಗೋಡೆಗೂ ಪ್ರಿಂಟ್ ಹಾಕಿಸಬಹುದೇ?

ಉತ್ತರ: ತಮ್ಮ ಪ್ರಶ್ನೆಯ ಜೊತೆಗಿದ್ದ ಚಿತ್ರವನ್ನು ಗಮನವಿಟ್ಟು ನೋಡಿದ್ದೇನೆ. ಆ ಫಲಕವನ್ನು ವಿನ್ಯಾಸ ಮಾಡಿದವರು ಅದನ್ನು ಎರಡಡಿ ದೂರದ ಕಂಪ್ಯೂಟರ್ ಪರದೆಯ ಮೇಲೆ ನೋಡಿ ಒಪ್ಪಿದ್ದಾರೆ, ತಾವೂ ಬಹುಶಃ ಮೊಬೈಲಿನಲ್ಲಿ ನೋಡಿ ಒಪ್ಪಿದ್ದೀರಿ. ರಸ್ತೆಯಲ್ಲಿ ಬರುವವರು ಅದನ್ನು ನೋಡುವುದು ಮಾತ್ರ ಇನ್ನೂರು ಅಡಿ ದೂರದಿಂದ, ಅದೂ ವಾಹನ ನಡೆಸುತ್ತಾ. ದೊಡ್ಡ ಅಳತೆಯ ಮುದ್ರಣದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಆದ್ದರಿಂದ ಬಣ್ಣ, ಚಿತ್ರ, ವಸ್ತು ಇವುಗಳ ಮಾತಿಗೆ ಮೊದಲು, ನೋಡುವವರು ಎಲ್ಲಿರುತ್ತಾರೆ ಮತ್ತು ಅವರಿಗೆ ಎಷ್ಟು ಕ್ಷಣ ಸಿಗುತ್ತದೆ ಎಂಬುದನ್ನು ಲೆಕ್ಕ ಹಾಕಬೇಕು.

ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಬೈಕು ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ತಮ್ಮ ಫಲಕವು ಮರ, ಕಂಬ, ನಿಂತ ಲಾರಿಗಳ ಮರೆಯಿಂದ ಹೊರಬಂದು 60 ಮೀಟರ್ ದೂರದಲ್ಲಿ ಕಣ್ಣಿಗೆ ಬೀಳುತ್ತದೆ ಎಂದಿಟ್ಟುಕೊಂಡರೆ, ಸವಾರನಿಗೆ ಒಟ್ಟು ಸಿಗುವುದು ಐದೂವರೆ ಸೆಕೆಂಡು. ಆ ಐದೂವರೆ ಸೆಕೆಂಡಿನಲ್ಲಿ ಅವನು ಮುಂದಿನ ಆಟೋವನ್ನು ನೋಡಬೇಕು, ಪಕ್ಕದಿಂದ ನುಗ್ಗುವವರನ್ನು ನೋಡಬೇಕು. ಫಲಕಕ್ಕೆ ಉಳಿಯುವುದು ಎರಡು ಸೆಕೆಂಡು ಇದ್ದರೆ ಹೆಚ್ಚು. ಅಷ್ಟರಲ್ಲಿ ಓದಲಾಗುವುದು ಐದಾರು ಪದಗಳು ಮಾತ್ರ. ತಮ್ಮ ಈಗಿನ ಫಲಕದಲ್ಲಿ ನಾನು ಎಣಿಸಿದಾಗ ಐವತ್ತಕ್ಕೂ ಹೆಚ್ಚು ಪದಗಳೂ ಮೂರು ಚಿತ್ರಗಳೂ ಇದ್ದವು. ಅದು ಯಾರಿಗೂ ಕಾಣದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಅಕ್ಷರದ ಅಳತೆಗೆ ಫಲಕದ ಕೆಲಸದವರಲ್ಲಿ ಒಂದು ಸರಳ ಲೆಕ್ಕವಿದೆ: ಹತ್ತಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರವಿದ್ದರೆ ಸಲೀಸಾಗಿ ಓದಬಹುದು; ಇಪ್ಪತ್ತೈದು ಅಡಿಗೆ ಒಂದು ಅಂಗುಲ ಎಂಬುದು ಕೊನೆಯ ಮಿತಿ. ಇನ್ನೂರು ಅಡಿಗೆ ಲೆಕ್ಕ ಹಾಕಿದರೆ ಮುಖ್ಯ ಪದಕ್ಕೆ 20 ಅಂಗುಲ ಬೇಕು, 8 ಅಂಗುಲಕ್ಕಿಂತ ಕಡಿಮೆಯಾದದ್ದು ಅಷ್ಟು ದೂರಕ್ಕೆ ಇದ್ದೂ ಇಲ್ಲದಂತೆ. ಆದರೆ ಈ ಲೆಕ್ಕ ರೂಪುಗೊಂಡದ್ದು ಇಂಗ್ಲಿಷಿನ ದೊಡ್ಡಕ್ಷರಗಳಿಗೆ. ಕನ್ನಡಕ್ಕೆ ಅದನ್ನು ಹಾಗೆಯೇ ಅನ್ವಯಿಸಿದರೆ ಮೋಸವಾಗುತ್ತದೆ. ನಮ್ಮ ಒಂದು ಸಾಲಿನಲ್ಲಿ ಮೂಲಾಕ್ಷರದ ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ ಇರುತ್ತವೆ. ‘ಒಂದೂವರೆ ಅಡಿಯ ಅಕ್ಷರ’ ಎಂದು ಡಿಸೈನರ್ ಹೇಳಿದಾಗ ಅವರು ಇವೆಲ್ಲವನ್ನೂ ಸೇರಿಸಿ ಅಳೆದಿರುತ್ತಾರೆ, ಅದರಲ್ಲಿ ಕಣ್ಣು ನಿಜವಾಗಿ ಓದುವ ಮೂಲಾಕ್ಷರದ ಪಾಲು ಹೆಚ್ಚುಕಡಿಮೆ ಅರ್ಧವೇ ಆಗಿರಬಹುದು. ಆದ್ದರಿಂದ ‘ಗ’ ಅಥವಾ ‘ನ’ದಂತಹ ಒಂಟಿ ಅಕ್ಷರದ ಎತ್ತರವೇ 20 ಅಂಗುಲ ಇರಬೇಕೆಂದು ಸ್ಪಷ್ಟವಾಗಿ ಹೇಳಿ, ಅದನ್ನು ಬರಹದಲ್ಲಿ ಕೊಡಿ.

ಕನ್ನಡದ ಕೆಲವು ಅಕ್ಷರಗಳನ್ನು ಬೇರ್ಪಡಿಸುವುದು ಒಂದು ಸಣ್ಣ ಸೀಳು ಅಥವಾ ಒಂದು ಚುಕ್ಕೆ ಮಾತ್ರ. ದ, ಧ, ಥ ಹಾಗೆಯೇ ಪ, ಫ, ಷ ಇವು ದೂರದಿಂದ ಒಂದೇ ಆಗಿ ಕಾಣುವುದು ಆ ಕಾರಣಕ್ಕೆ. ಗೆರೆಯನ್ನು ಅತಿಯಾಗಿ ದಪ್ಪ ಮಾಡಿದರೆ ಆ ಸೀಳು ಮುಚ್ಚಿಹೋಗುತ್ತದೆ, ತೀರ ತೆಳುವಾದರೆ ಅಕ್ಷರವೇ ಹಿನ್ನೆಲೆಯಲ್ಲಿ ಕರಗುತ್ತದೆ. ಅಕ್ಷರದ ಸುತ್ತ ಬಿಳಿ ಅಂಚು, ಅದರ ಹೊರಗೆ ಕಪ್ಪು ಅಂಚು, ಅದರ ಹಿಂದೆ ನೆರಳು ಎಂದು ಹಾಕುವ ಅಭ್ಯಾಸ ನಮ್ಮ ಕಡೆ ಬಹಳವಿದೆ. ಹಾಗೆ ಮಾಡಿದಾಗ ಮೊದಲು ಅಳಿಯುವುದು ಈ ಒಳಬಯಲುಗಳೇ. ಸಾಲು ಹಿಡಿಸಲೆಂದು ಅಕ್ಷರಗಳನ್ನು ಅಡ್ಡಕ್ಕೆ ಹಿಸುಕುವುದೂ ಅಷ್ಟೇ ಕೆಟ್ಟದ್ದು. ಅನೆಕ್ ಕನ್ನಡ, ಬಾಲೂ ತಮ್ಮ, ನೋಟೊ ಸಾನ್ಸ್ ಕನ್ನಡ ಮುಂತಾದ ಮುಕ್ತ ಫಾಂಟುಗಳಲ್ಲಿ ಬೇರೆ ಬೇರೆ ದಪ್ಪದ ಗೆರೆಗಳು ಸಿಗುತ್ತವೆ. ಅವುಗಳಲ್ಲಿ ಮಧ್ಯಮಕ್ಕಿಂತ ತುಸು ದಪ್ಪನೆಯದನ್ನು ಆರಿಸಿ, ಅಕ್ಷರಗಳ ನಡುವೆ ಸ್ವಲ್ಪ ಹೆಚ್ಚು ಜಾಗ ಬಿಡಿಸಿ.

ಇನ್ನು ಏನು ಬರೆಸಬೇಕು ಎಂಬ ಮಾತು. ಅಂಗಡಿಯ ಹೆಸರು ಈಗಾಗಲೇ ಊರಿಗೆಲ್ಲ ಗೊತ್ತಿದ್ದರೆ ಹೆಸರು ದೊಡ್ಡದಿರಲಿ. ಇಲ್ಲದಿದ್ದರೆ ಏನು ಮಾರುತ್ತೀರಿ ಎಂಬುದು ಹೆಸರಿಗಿಂತ ದೊಡ್ಡದಿರಬೇಕು. ತಮ್ಮ ವಿಷಯದಲ್ಲಿ ನಾನು ಎರಡನೆಯದನ್ನೇ ಹೇಳುತ್ತೇನೆ. ‘ತೊಗರಿ ಬೇಳೆ’ ಎಂಬ ಐದು ಅಕ್ಷರಗಳಲ್ಲಿ ಒಂದೂ ಒತ್ತಕ್ಷರವಿಲ್ಲ, ಫಲಕಕ್ಕೆ ಇಂಥ ಪದ ಸಿಗುವುದೇ ಅಪರೂಪ. 20 ಅಂಗುಲದ ಅಕ್ಷರದಲ್ಲಿ ಬರೆದರೆ ಅದು ಹನ್ನೆರಡು ಅಡಿಯ ಆಸುಪಾಸಿನಲ್ಲಿ ಹಿಡಿಸುತ್ತದೆ. ಅದರ ಕೆಳಗೆ 12 ಅಂಗುಲದ ಅಕ್ಷರದಲ್ಲಿ ಅಂಗಡಿಯ ಹೆಸರು ಬರಲಿ. ಹೆಸರಿನ ಕೊನೆಗೆ ‘ಟ್ರೇಡರ್ಸ್’ ಎಂದಿದೆ. ಅದರಲ್ಲಿ ಒತ್ತೂ ಇದೆ, ಅರ್ಕಾವತ್ತೂ ಇದೆ, ದೂರಕ್ಕೆ ಅದೊಂದು ಗಂಟಿನಂತೆ ಕಾಣುತ್ತದೆ. ನೋಂದಣಿಯ ಹೆಸರು ಬಿಲ್ಲಿನಲ್ಲೂ ಬಾಗಿಲ ಪಕ್ಕದ ಫಲಕದಲ್ಲೂ ಹಾಗೆಯೇ ಇರಲಿ, ಮೇಲಿನ ಫಲಕದಲ್ಲಿ ಹೆಸರಿನ ಮೊದಲ ಭಾಗ ಸಾಕು. ಉಳಿದ ಆರೇಳು ಅಡಿಯಲ್ಲಿ ಒಂದೇ ಒಂದು ಚಿತ್ರ ಬರಲಿ: ಬೊಗಸೆ ತುಂಬ ಬೇಳೆ, ಇಲ್ಲವೇ ಒಂದು ಬುಟ್ಟಿ.

ತಂದೆಯವರ ಭಾವಚಿತ್ರವನ್ನೂ ಶರಣಬಸವೇಶ್ವರರ ಚಿತ್ರವನ್ನೂ ತೆಗೆಯಬೇಕೆಂದು ಹೇಳುವುದು ನನಗೆ ಸುಲಭವಲ್ಲ, ತಮಗೆ ಕೇಳುವುದೂ ಸುಲಭವಲ್ಲ ಎಂದು ಬಲ್ಲೆ. ಆದರೆ ಬಿಸಿಲಿಗೆ ಬಣ್ಣ ಕಳೆದುಕೊಂಡು, ಧೂಳು ಮೆತ್ತಿಕೊಂಡು, ಯಾರೂ ಕೈಮುಗಿಯದ ಎತ್ತರದಲ್ಲಿ ಅವು ಇರುವುದಕ್ಕಿಂತ, ಗಲ್ಲಾದ ಹಿಂದಿನ ಗೋಡೆಯಲ್ಲಿ, ದಿನವೂ ಊದಿನಕಡ್ಡಿ ಹಚ್ಚುವ ಜಾಗದಲ್ಲಿ, ಒಳ್ಳೆಯ ಫೋಟೊ ಕಾಗದದ ಮೇಲೆ ಮುದ್ರಿಸಿ ಚೌಕಟ್ಟು ಹಾಕಿಸಿ ಇಡುವುದು ಹೆಚ್ಚು ಗೌರವದ್ದು ಎಂದು ನನ್ನ ಭಾವನೆ. ಕಾಳುಗಳ ಪಟ್ಟಿ ಒಳಗೋಡೆಗೆ ಹೋಗಲಿ. ಅಂಗಡಿಯ ಮುಂದೆಯೇ ನಿಂತವರಿಗೆ ವಿಳಾಸ ಬೇಡ. ಓಡುವ ಬೈಕಿನಿಂದ ಯಾರೂ ಹತ್ತು ಅಂಕಿ ಬರೆದುಕೊಳ್ಳುವುದಿಲ್ಲ, ಒಂದು ಮೊಬೈಲ್ ಸಂಖ್ಯೆ ಶಟರಿನ ಮೇಲಿದ್ದರೆ ಅಂಗಡಿ ಮುಚ್ಚಿದಾಗ ಬಂದವರಿಗೆ ಉಪಯೋಗ. ಪ್ರವೇಶದ ಬಳಿಯ ಹೆಸರಿನ ಫಲಕದಲ್ಲಿ ಜಿಎಸ್‌ಟಿ ಸಂಖ್ಯೆ ಇರಬೇಕೆಂಬುದು ನಿಯಮ. ಬಾಗಿಲ ಪಕ್ಕದ ಆ ಸಣ್ಣ ಫಲಕದಲ್ಲಿ ಅದು ಇರಲಿ.

ಭಾಷೆಯ ವಿಷಯದಲ್ಲಿ, ರಾಜ್ಯದ ಕನ್ನಡ ಭಾಷಾ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ನಂತರ ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಮತ್ತು ಕನ್ನಡವು ಫಲಕದ ಮೇಲರ್ಧದಲ್ಲಿರಬೇಕು. ಮೇಲೆ ಹೇಳಿದ ಎರಡು ಸಾಲುಗಳೂ ಕನ್ನಡದಲ್ಲೇ ಇರುವುದರಿಂದ ತಮಗೆ ಇದರಲ್ಲಿ ತೊಡಕಿಲ್ಲ. ಗಿರಾಕಿಗಳಲ್ಲಿ ಉರ್ದು ಓದುವವರು ಹೆಚ್ಚಿದ್ದರೆ ಕೆಳಗಿನ ಪಟ್ಟಿಯಲ್ಲಿ ಉರ್ದುವಿಗೂ ಇಂಗ್ಲಿಷಿಗೂ ಜಾಗ ಕೊಡಿ. ಆದರೆ ಉರ್ದುವಿನ ನಸ್ತಾಲೀಖ್ ಬರಹವು ಬಲದಿಂದ ಎಡಕ್ಕೆ ಇಳಿಜಾರಾಗಿ ಸಾಗುವುದರಿಂದ ಅದಕ್ಕೆ ಇಂಗ್ಲಿಷಿಗಿಂತ ಹೆಚ್ಚು ಎತ್ತರ ಬೇಕು. ಎರಡನ್ನೂ ಒಂದೇ ಎತ್ತರದ ಪಟ್ಟಿಯಲ್ಲಿ ತುರುಕಿದರೆ ಉರ್ದು ಸೊರಗಿ ಕಾಣುತ್ತದೆ. ಇನ್ನೊಂದು ಎಚ್ಚರಿಕೆ: ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ (ಆ ಪ್ರದೇಶದ್ದೇ ವಿಶಿಷ್ಟ ಉತ್ಪನ್ನವೆಂಬ) ಮಾನ್ಯತೆ ದೊರೆತಿದೆ ಎಂದು ಅದರ ಮುದ್ರೆಯನ್ನು ಫಲಕದ ಮೇಲೆ ಹಾಕಿಸಬೇಡಿ, ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗೆ ಮಾತ್ರ ಅದರ ಹಕ್ಕಿದೆ. ತಾವು ನೋಂದಾಯಿಸಿಕೊಂಡಿದ್ದರೆ ಧಾರಾಳವಾಗಿ ಹಾಕಿಸಿ.

ಬೇಳೆಯ ಫೋಟೊ ಒಡೆದು ಚೌಕಚೌಕವಾಗಿ ಕಾಣುತ್ತಿರುವುದಕ್ಕೆ ಕಾರಣ ಅದನ್ನು ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದ್ದು. ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಫೋಟೊವನ್ನು ಅದು ಕುಗ್ಗಿಸಿ, ಉದ್ದ ಬದಿಯಲ್ಲಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿಸುತ್ತದೆ. ಅದನ್ನು ಎಂಟು ಅಡಿ ಅಗಲಕ್ಕೆ ಹಿಗ್ಗಿಸಿದರೆ ಒಂದು ಅಂಗುಲಕ್ಕೆ ಹದಿನಾರೇ ಪಿಕ್ಸೆಲ್ ಉಳಿಯುತ್ತವೆ. ಅದೇ ಮೊಬೈಲಿನ 12 ಮೆಗಾಪಿಕ್ಸೆಲ್ ಮೂಲಚಿತ್ರವನ್ನು, ಅಂದರೆ 4000 ಪಿಕ್ಸೆಲ್ ಅಗಲದ್ದನ್ನು, ಡಾಕ್ಯುಮೆಂಟ್ ಆಗಿ ಕಳುಹಿಸಿದ್ದರೆ ಅಂಗುಲಕ್ಕೆ ನಲವತ್ತು ಸಿಗುತ್ತಿದ್ದವು. ನಲವತ್ತು ಸಾಕೇ ಎಂದರೆ, ಸಾಕು. ಆರೋಗ್ಯವಂತ ಕಣ್ಣು ಮೂರು ಮೀಟರ್ ದೂರದಿಂದ ಹೆಚ್ಚೆಂದರೆ ಒಂದು ಮಿಲಿಮೀಟರಿಗೆ ಹತ್ತಿರದ ವಿವರವನ್ನು ಬೇರ್ಪಡಿಸಬಲ್ಲದು, ಅಂದರೆ ಅಂಗುಲಕ್ಕೆ ಸುಮಾರು ಮೂವತ್ತು ಚುಕ್ಕೆ. ತಮ್ಮ ಫಲಕವನ್ನು ಯಾರೂ ಅದಕ್ಕಿಂತ ಹತ್ತಿರದಿಂದ ನೋಡುವುದಿಲ್ಲ. ‘300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಇಲ್ಲದೆ ಪ್ರಿಂಟ್ ಆಗುವುದಿಲ್ಲ’ ಎಂದು ಹೇಳುವವರ ಮಾತು ಕೈಯಲ್ಲಿ ಹಿಡಿದು ಓದುವ ಕರಪತ್ರಕ್ಕೆ ಸರಿ. ಎರಡಡಿ ದೂರದಿಂದ ನೋಡುವ ಗಾಜಿನ ಸ್ಟಿಕ್ಕರಿಗೆ 150 ಬೇಕು, ಮೇಲಿನ ಫಲಕಕ್ಕೆ ನಲವತ್ತರಿಂದ ಐವತ್ತು. ಫೋಟೊವನ್ನು ಬೆಳಗಿನ ನೆರಳಿನಲ್ಲಿ, ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ಫ್ಲ್ಯಾಶ್ ಬೇಡ, ಅದು ಬೇಳೆಯ ಮೈಯನ್ನು ಚಪ್ಪಟೆ ಮಾಡುತ್ತದೆ.

ಮುದ್ರಣಕ್ಕೆ ಕೊಡುವ ಕಡತದ ಬಗ್ಗೆ ನನ್ನದೇ ಒಂದು ಕಹಿ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ವಿನ್ಯಾಸ ಮಾಡಿ ಕೊಟ್ಟ ಫಲಕವೊಂದು ಮುದ್ರಣವಾಗಿ ಬಂದಾಗ ‘ಶ್ರೀ’ ಎಂಬುದು ಮೂರು ತುಂಡಾಗಿತ್ತು. ನನ್ನ ಯಂತ್ರದಲ್ಲಿದ್ದ ಫಾಂಟು ಮುದ್ರಣದವರ ಯಂತ್ರದಲ್ಲಿ ಇರಲಿಲ್ಲ, ತೆರೆದಾಗ ಬೇರೆ ಫಾಂಟು ಕೂತುಕೊಂಡಿತು, ಅಲ್ಲಿ ಯಾರೂ ಓದಿ ನೋಡಲಿಲ್ಲ. ತಪ್ಪು ನನ್ನದೂ ಹೌದು, ಏಕೆಂದರೆ ನಾನು ಅಕ್ಷರಗಳನ್ನು ಫಾಂಟಿನ ಹಂಗಿಲ್ಲದ ಗೆರೆಚಿತ್ರಕ್ಕೆ, ಅಂದರೆ ಕರ್ವ್ಸ್‌ಗೆ ಬದಲಾಯಿಸಿ ಕೊಟ್ಟಿರಲಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಯುನಿಕೋಡ್ ಫಾಂಟಿಗೆ ಬದಲಾಯಿಸಿದಾಗಲೂ, ಭಾರತೀಯ ಲಿಪಿಗಳ ಜೋಡಣೆಯನ್ನು ಅರಿಯದ ಹಳೆಯ ಆವೃತ್ತಿಯ ತಂತ್ರಾಂಶದಲ್ಲಿ ಯುನಿಕೋಡ್ ತೆರೆದಾಗಲೂ ಇದೇ ಗತಿ. ಆದ್ದರಿಂದ ಅಂತಿಮ ಕಡತದಲ್ಲಿ ಎಲ್ಲ ಅಕ್ಷರಗಳೂ ಕರ್ವ್ಸ್ ಆಗಿರಲಿ, ಜೊತೆಗೆ ಒಂದು ಪಿಡಿಎಫ್ ಇರಲಿ, ಮತ್ತು ಯಂತ್ರಕ್ಕೆ ಹಾಕುವ ಮೊದಲು ಅಲ್ಲಿನ ಪರದೆಯ ಮೇಲಿನದನ್ನು ಮನೆಯವರಲ್ಲಿ ಒಬ್ಬರು ಹೋಗಿ ಗಟ್ಟಿಯಾಗಿ ಓದಲಿ.

ಈಗ ಬಣ್ಣ ನೀಲಿಗಟ್ಟಿದ ಪ್ರಶ್ನೆ. ಮುದ್ರಣದ ನಾಲ್ಕು ಶಾಯಿಗಳಲ್ಲಿ ಹಳದಿ ಮತ್ತು ಮಜೆಂಟಾ (ನೇರಳೆಗೆಂಪು) ಬಿಸಿಲಿಗೆ ಬೇಗ ಸೋಲುತ್ತವೆ, ಸಯಾನ್ (ಹಸಿರುನೀಲಿ) ಮತ್ತು ಕಪ್ಪು ಹೆಚ್ಚು ಕಾಲ ನಿಲ್ಲುತ್ತವೆ. ಆದ್ದರಿಂದಲೇ ನಮ್ಮ ರಸ್ತೆಗಳಲ್ಲಿ ಹಳೆಯ ಬ್ಯಾನರುಗಳೆಲ್ಲ ಕೊನೆಗೆ ನೀಲಿಯಾಗಿ ಕಾಣುತ್ತವೆ. ಬೇಸಿಗೆಯಲ್ಲಿ ತಾಪಮಾನ 42 ಡಿಗ್ರಿ ಸೆಲ್ಸಿಯಸ್ ದಾಟುವ ಈ ಊರಿನಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ ಮಧ್ಯಾಹ್ನವೆಲ್ಲ ನೇರ ಬಿಸಿಲು ತಿನ್ನುವ ಫಲಕದಲ್ಲಿ, ತೊಗರಿ ಬೇಳೆಯ ಹಳದಿಯನ್ನು ಶಾಯಿಯಿಂದಲೇ ಉಳಿಸಿಕೊಳ್ಳುತ್ತೇವೆ ಎಂದು ಹೊರಡುವುದು ವ್ಯರ್ಥ ಖರ್ಚು.

ಹಾಗಾಗಿ ನಾನು ಫ್ಲೆಕ್ಸನ್ನೇ ಬಿಡಲು ಹೇಳುತ್ತೇನೆ. ಬಣ್ಣದ ಕಾರಣ ಒಂದು; ಮಾರ್ಚ್ 2016ರ ರಾಜ್ಯ ಸರ್ಕಾರದ ಅಧಿಸೂಚನೆಯು ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್ ಮತ್ತು ಫ್ಲೆಕ್ಸುಗಳನ್ನು ನಿಷೇಧಿಸಿರುವುದು ಇನ್ನೊಂದು. ಊರೆಲ್ಲ ಹಾಕುತ್ತಾರಲ್ಲ ಎಂಬುದು ದಂಡ ಕಟ್ಟುವ ದಿನ ಉತ್ತರವಾಗುವುದಿಲ್ಲ. ಎಸಿಪಿ ಶೀಟಿನ ಫಲಕ ಮಾಡಿಸಿ. ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ತಿರುಳಿರುವ ಈ ಶೀಟು ಸಾಮಾನ್ಯವಾಗಿ 8 ಅಡಿಗೆ 4 ಅಡಿಯ ಅಳತೆಯಲ್ಲಿ ಬರುತ್ತದೆ. ಫಲಕದ ಎತ್ತರವನ್ನು ಹತ್ತಡಿಯಿಂದ ಎಂಟಡಿಗೆ ಇಳಿಸಿದರೆ ಐದು ಶೀಟುಗಳು ನೆಟ್ಟಗೆ ನಿಂತು 20 ಅಡಿ ಸರಿಯಾಗಿ ತುಂಬುತ್ತವೆ, ಒಂದಿಂಚೂ ಪೋಲಾಗುವುದಿಲ್ಲ. ಕೂಡುಗೆರೆಗಳು ಪ್ರತಿ ನಾಲ್ಕಡಿಗೆ ಬರುತ್ತವೆಯಾದ್ದರಿಂದ ಅವು ಆದಷ್ಟು ಅಕ್ಷರಗಳ ನಡುವಿನ ಬಯಲಿನಲ್ಲಿ ಬೀಳುವಂತೆ ಮೊದಲೇ ಹೊಂದಿಸಬೇಕು. ಶೀಟಿನ ಬದಲು ಅಗ್ಗವೆಂದು, ಬರಿ ಪ್ಲಾಸ್ಟಿಕ್ ನೊರೆಯ ಹಲಗೆಯಾದ ಸನ್‌ಬೋರ್ಡ್ ಹಾಕಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಈ ಬಿಸಿಲಿಗೆ ಅದು ಬಾಗುತ್ತದೆ.

ಶೀಟು ಗಾಢ ಹಸಿರು ಇಲ್ಲವೇ ಗಾಢ ಕಂದುಗೆಂಪು ಇರಲಿ, ಅದರ ಮೇಲೆ ಅಕ್ಷರಗಳು ಹಳದಿ ಅಕ್ರಿಲಿಕ್ಕಿನಲ್ಲಿ ಅಥವಾ ಕಾಸ್ಟ್ ವಿನೈಲ್ ಎಂಬ ಅಂಟುಹಾಳೆಯಲ್ಲಿ ಕತ್ತರಿಸಿ ಕೂರಿಸಿದವಾಗಲಿ. ಇವುಗಳಲ್ಲಿ ಬಣ್ಣ ವಸ್ತುವಿನೊಳಗೇ ಇರುವುದರಿಂದ ಮೇಲೆ ಸಿಂಪಡಿಸಿದ ಶಾಯಿಗಿಂತ ಎಷ್ಟೋ ಪಾಲು ಹೆಚ್ಚು ಬಾಳುತ್ತದೆ. ಕೆಂಪಿನ ಮೇಲೆ ಹಸಿರು, ನೀಲಿಯ ಮೇಲೆ ಕೆಂಪು ಬೇಡವೇ ಬೇಡ: ಬಣ್ಣ ಬೇರೆಯಾದರೂ ಅವುಗಳ ಕಪ್ಪು-ಬಿಳುಪಿನ ತೂಕ ಹತ್ತಿರಹತ್ತಿರ ಇರುತ್ತದೆ, ವಿನ್ಯಾಸವನ್ನು ಕಪ್ಪು-ಬಿಳುಪು ಮಾಡಿ ನೋಡಿದರೆ ಅದು ತಕ್ಷಣ ತಿಳಿಯುತ್ತದೆ. ಮುದ್ರಣ ಬೇಕಾಗುವುದು ಬೇಳೆಯ ಚಿತ್ರಕ್ಕೆ ಮಾತ್ರ. ಅದನ್ನು ವಿನೈಲಿನ ಮೇಲೆ ಮುದ್ರಿಸಿ, ಸಾಲ್ವೆಂಟ್ (ದ್ರಾವಕ ಬೆರೆತ) ಶಾಯಿಯಾಗಿದ್ದರೆ ಪೂರ್ತಿ ಒಂದು ದಿನ ಹರಡಿ ಒಣಗಿಸಿ, ಆಮೇಲೆ ಬಿಸಿಲು ತಡೆಯುವ ಮ್ಯಾಟ್ ಲ್ಯಾಮಿನೇಷನ್ ಹಾಕಿಸಬೇಕು. ಅವಸರಕ್ಕೆ ಅದೇ ಗಂಟೆಯಲ್ಲಿ ಲ್ಯಾಮಿನೇಷನ್ ಮಾಡಿದರೆ ಒಳಗೆ ಸಿಕ್ಕಿಬಿದ್ದ ದ್ರಾವಕ ಅಂಟನ್ನು ಮೆತ್ತಗೆ ಮಾಡಿ ಅಂಚು ಏಳಿಸುತ್ತದೆ. ಹೊಳೆಯುವ ಲ್ಯಾಮಿನೇಷನ್ ಮುದ್ರಣದವರ ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಆದರೆ ಇಳಿಹೊತ್ತಿನ ಬಿಸಿಲು ಎದುರಿಗೆ ಬಿದ್ದಾಗ ಕನ್ನಡಿಯಂತೆ ಮಿಂಚಿ ಚಿತ್ರವನ್ನೇ ನುಂಗುತ್ತದೆ. ಮೂರು ವರ್ಷಕ್ಕೆ ಆ ಚಿತ್ರವೊಂದನ್ನೇ ಬದಲಾಯಿಸಿದರೆ ಸಾಕಾಗುತ್ತದೆ, ಫಲಕ ಹಾಗೆಯೇ ಉಳಿಯುತ್ತದೆ. ಪರದೆಯ ಮೇಲಿನ ಹಳದಿಯನ್ನು ನಂಬದೆ, ಅದೇ ವಿನೈಲಿನ ಮೇಲೆ ಒಂದಡಿಯ ಮಾದರಿ ಮುದ್ರಿಸಿಕೊಂಡು ಮಧ್ಯಾಹ್ನದ ಬಿಸಿಲಿನಲ್ಲಿ ನಿಜವಾದ ಬೇಳೆಯ ಪಕ್ಕ ಹಿಡಿದು ನೋಡಿ. ಬೇಳೆ ಹಸಿರು ಛಾಯೆಗೆ ತಿರುಗಿದ್ದರೆ ಹಳದಿಯಲ್ಲಿ ಸಯಾನ್ ಬೆರೆತಿದೆ ಎಂದರ್ಥ.

ಗಾಳಿಯ ಮಾತನ್ನು ಹೆಚ್ಚಿನವರು ಮರೆಯುತ್ತಾರೆ, ಆದರೆ ಅದು ಜೀವದ ಪ್ರಶ್ನೆ. ಗಂಟೆಗೆ 100 ಕಿಲೋಮೀಟರ್ ವೇಗದ ಬಿರುಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 47 ಕಿಲೋ ಭಾರದಷ್ಟು ಒತ್ತುತ್ತದೆ. 20 ಅಡಿಗೆ 8 ಅಡಿಯ ಫಲಕದ ಮೇಲೆ ಅದು 700 ಕಿಲೋದಷ್ಟಾಗುತ್ತದೆ. ಮುಂಗಾರಿಗೆ ಮೊದಲು ಬೀಸುವ ಗಾಳಿಗೆ ಫಲಕಗಳು ಕಿತ್ತು ಬೀಳುವುದನ್ನು ನಾವೆಲ್ಲ ನೋಡಿದ್ದೇವೆ. ಚೌಕಟ್ಟನ್ನು ತಾರಸಿಯ ಇಟ್ಟಿಗೆ ಗೋಡೆಗೆ ಮೊಳೆ ಹೊಡೆದು ನಿಲ್ಲಿಸದೆ, ಕಾಂಕ್ರೀಟಿನ ತೊಲೆಗೆ ಆ್ಯಂಕರ್ ಬೋಲ್ಟ್ ಹಾಕಿ ಬಿಗಿಯಬೇಕು. ಪೈಪಿನ ದಪ್ಪ, ಬೋಲ್ಟಿನ ಸಂಖ್ಯೆ ಇವನ್ನು ಸಿವಿಲ್ ಎಂಜಿನಿಯರ್ ಒಬ್ಬರಿಂದ ಬರೆಸಿಕೊಳ್ಳಿ, ಮಹಾನಗರ ಪಾಲಿಕೆಯ ಅನುಮತಿಗೂ ಅದೇ ಹಾಳೆ ನೆರವಾಗುತ್ತದೆ. ರಾತ್ರಿಯ ಬೆಳಕಿಗೆ ಮೇಲಂಚಿನಿಂದ ಕೆಳಮುಖವಾಗಿ ಹಾಕಿದ ಮೂರು ನಾಲ್ಕು ಎಲ್ಇಡಿ ದೀಪಗಳು ಸಾಕು.

ಮುಂಭಾಗದ ಗಾಜಿಗೆ ಸಣ್ಣ ರಂಧ್ರಗಳಿರುವ ಒನ್ ವೇ ವಿಷನ್ ಸ್ಟಿಕ್ಕರ್ ಹಾಕಿಸುವ ಯೋಚನೆಯಿದ್ದರೆ ಒಂದು ವಿಷಯ ತಿಳಿದಿರಲಿ. ಹೊರಗಿನ ಬೆಳಕು ಒಳಗಿಗಿಂತ ಹೆಚ್ಚಿರುವಾಗ ಮಾತ್ರ ಅದರ ಚಿತ್ರ ಹೊರಗೆ ಚೆನ್ನಾಗಿ ಕಾಣುತ್ತದೆ. ಸಂಜೆ ಅಂಗಡಿಯೊಳಗೆ ದೀಪ ಹಾಕಿದ ಕೂಡಲೇ ಚಿತ್ರ ಮಸುಕಾಗಿ ಒಳಗಿನದೆಲ್ಲ ಕಾಣಲು ತೊಡಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಾಯಿ ಬಿಚ್ಚಿದ ಬೇಳೆಯ ಚೀಲಗಳ ಸಾಲಿಗಿಂತ ಒಳ್ಳೆಯ ಜಾಹೀರಾತು ತಮ್ಮ ಅಂಗಡಿಗೆ ಬೇರೊಂದಿಲ್ಲ. ಗಾಜನ್ನು ಖಾಲಿ ಬಿಡಿ, ಕಣ್ಣೆತ್ತರದಲ್ಲಿ ಅಂಗಡಿಯ ವೇಳೆಯನ್ನಷ್ಟೇ ಅಂಟಿಸಿ.

ಒಳಗೋಡೆಯ ಲೆಕ್ಕವೇ ಬೇರೆ. ಅಲ್ಲಿ ಗಿರಾಕಿ ಆರಡಿ ದೂರದಲ್ಲಿ, ತೂಕವಾಗುವವರೆಗೆ ಐದು ನಿಮಿಷ ನಿಂತಿರುತ್ತಾರೆ. ಹೊರಗಿನಿಂದ ತೆಗೆದ ಹನ್ನೊಂದು ಕಾಳುಗಳೂ ಇಲ್ಲಿ ಒಂದೊಂದರ ಚಿತ್ರ, ಹೆಸರು, ಯಾವ ಅಡುಗೆಗೆ ಯಾವುದು ಎಂಬ ಎರಡು ಸಾಲಿನೊಂದಿಗೆ ಬರಬಹುದು. ಒಂದಂಗುಲದ ಅಕ್ಷರ ಧಾರಾಳವಾಯಿತು. ಬೆಲೆಯನ್ನು ಮಾತ್ರ ಮುದ್ರಿಸಬೇಡಿ, ಪಕ್ಕದಲ್ಲಿ ಸೀಮೆಸುಣ್ಣದಿಂದ ಬರೆಯುವ ಕರಿಹಲಗೆ ಇರಲಿ.

ವಿನ್ಯಾಸ ಕೈಗೆ ಬಂದಾಗ ಎರಡು ಪರೀಕ್ಷೆ ಮಾಡಿ. ಮೊದಲನೆಯದು: ಇಪ್ಪತ್ತು ಅಡಿಯ ಫಲಕವನ್ನು ಇನ್ನೂರು ಅಡಿಯಿಂದ ನೋಡುವುದೂ, ಆರು ಸೆಂಟಿಮೀಟರ್ ಅಗಲದ ಚಿತ್ರವನ್ನು ಅರವತ್ತು ಸೆಂಟಿಮೀಟರ್ ದೂರದಿಂದ ನೋಡುವುದೂ ಕಣ್ಣಿಗೆ ಒಂದೇ. ಮೊಬೈಲ್ ಪರದೆಯಲ್ಲಿ ವಿನ್ಯಾಸವನ್ನು ಆರು ಸೆಂಟಿಮೀಟರಿಗೆ ಇಟ್ಟು, ತೋಳು ಚಾಚಿ ಹಿಡಿದು, ಎರಡು ಸೆಕೆಂಡು ತೋರಿಸಿ ಮುಚ್ಚಿ, ಅಂಗಡಿಯ ಪರಿಚಯವಿಲ್ಲದವರನ್ನು ಏನು ಓದಿದಿರಿ ಎಂದು ಕೇಳಿ. ಎರಡನೆಯದನ್ನು ನಾನು ಕಲಿತದ್ದು ಕುಂಚದಿಂದ ಬೋರ್ಡ್ ಬರೆಯುತ್ತಿದ್ದ ಪೇಂಟರುಗಳಿಂದ. ಅವರು ಸೀಮೆಸುಣ್ಣದಲ್ಲಿ ಅಕ್ಷರದ ಗೆರೆ ಎಳೆದು, ಏಣಿ ಇಳಿದು, ರಸ್ತೆ ದಾಟಿ ಆಚೆ ನಿಂತು ನೋಡಿದ ಮೇಲೆಯೇ ಬಣ್ಣ ಕಲಸುತ್ತಿದ್ದರು. ತಾವೂ ‘ತೊಗರಿ ಬೇಳೆ’ ಎಂಬ ಐದು ಅಕ್ಷರಗಳನ್ನು 20 ಅಂಗುಲದ ಅಳತೆಯಲ್ಲಿ ಹಳೆಯ ದಿನಪತ್ರಿಕೆಯ ಹಾಳೆಗಳಿಂದ ಕತ್ತರಿಸಿ, ಈಗಿನ ಫ್ಲೆಕ್ಸಿನ ಮೇಲೆ ಗಾಢ ಬಣ್ಣದ ಬಟ್ಟೆ ಹೊದಿಸಿ ಅಂಟಿಸಿ, ಬೈಕಿನಲ್ಲಿ ಎರಡೂ ದಿಕ್ಕಿನಿಂದ, ಬೆಳಿಗ್ಗೆ ಒಮ್ಮೆ ಸಂಜೆ ಐದಕ್ಕೆ ಒಮ್ಮೆ ಬಂದು ನೋಡಿ. ಎಲ್ಲಿಂದ ಓದಲು ಸಿಕ್ಕಿತೋ ಆ ಜಾಗವನ್ನು ಹೆಜ್ಜೆ ಹಾಕಿ ಅಳೆದುಕೊಂಡು ಬಂದರೆ, ಎಸಿಪಿ ಶೀಟಿಗೆ ಮುಂಗಡ ಕೊಡುವ ಮೊದಲೇ ಅಕ್ಷರದ ಅಳತೆಯನ್ನು ಹೆಚ್ಚಿಸಬೇಕೋ ಬೇಡವೋ ತಮಗೇ ಗೊತ್ತಾಗಿರುತ್ತದೆ.